ಥೈರಾಯ್ಡ್ ಆಪರೇಷನ್‌ಗೆ ಮೊದಲು ಎರಡು ತಿಂಗಳು ಮಾತ್ರೆ ಯಾಕೆ?

ತೀರ್ಥಹಳ್ಳಿಯಿಂದ ಕೇಳಿದ್ದೀರಿ: ಅಕ್ಕನಿಗೆ ಗ್ರೇವ್ಸ್ ಕಾಯಿಲೆ (ಥೈರಾಯ್ಡ್ ಗ್ರಂಥಿ ಅತಿಯಾಗಿ ಹಾರ್ಮೋನ್ ಸುರಿಸುವ ಕಾಯಿಲೆ), ಹೇಗೂ ಗ್ರಂಥಿ ತೆಗೆಯುವುದಾದರೆ ಎರಡು ತಿಂಗಳು ಮಾತ್ರೆ, ಕೊನೆಗೆ ಹನಿ ಔಷಧಿ ಯಾಕೆ ಎಂದು.

ಹಾರ್ಮೋನ್ ಹತೋಟಿಗೆ ಬರುವ ಮೊದಲೇ ಗ್ರಂಥಿಗೆ ಕೈಹಾಕಿದರೆ, ಆಪರೇಷನ್ ನಡೆಯುವಾಗಲೋ ಮುಗಿದ ಮೇಲೋ ಜ್ವರ ವಿಪರೀತ ಏರಿ, ಎದೆಬಡಿತ ತಾಳ ತಪ್ಪಿ ಜೀವಕ್ಕೇ ಕುತ್ತು ಬರಬಹುದು. ಥೈರಾಯ್ಡ್ ಸ್ಟಾರ್ಮ್ ಎಂದರೆ ಇದೇ.

ನೀವು ಕೇಳಿದ ಮಾತ್ರೆ ಕಾರ್ಬಿಮಝೋಲ್. ಅದು ಹೊಸ ಹಾರ್ಮೋನ್ ತಯಾರಾಗುವುದನ್ನು ತಡೆಯುತ್ತದೆ, ಗ್ರಂಥಿಯಲ್ಲಿ ಆಗಲೇ ಕೂಡಿಟ್ಟದ್ದನ್ನು ಮುಟ್ಟುವುದಿಲ್ಲ. ಕೊಯ್ಲು ನಿಂತರೂ ಅಟ್ಟದ ಮೇಲಿನ ಅಡಿಕೆ ಖಾಲಿಯಾಗಲು ದಿನ ಬೇಕಲ್ಲ, ಹಾಗೆ. ರಕ್ತದಲ್ಲಿರುವ ಟಿ4 ಎಂಬ ಥೈರಾಯ್ಡ್ ಹಾರ್ಮೋನ್ ಅರ್ಧಕ್ಕಿಳಿಯಲೂ ಹಲವು ದಿನ ಹಿಡಿಯುತ್ತದೆ. ಅದಕ್ಕೇ ದಿನಕ್ಕೆ 20ರಿಂದ 40 ಮಿ.ಗ್ರಾಂ. ಕೊಟ್ಟರೂ ಸಾಮಾನ್ಯವಾಗಿ 4ರಿಂದ 8 ವಾರ ಬೇಕು. ಥೈರಾಯ್ಡ್‌ಗೆ ಕೆಲಸ ಮಾಡು ಎಂದು ಹೇಳುವ ಟಿಎಸ್‌ಎಚ್ ಹಾರ್ಮೋನ್ ತಿಂಗಳುಗಟ್ಟಲೆ ತಳದಲ್ಲೇ ಉಳಿಯಬಹುದು, ಗಾಬರಿ ಬೇಡ. ಥೈರಾಯ್ಡ್ ಹಾರ್ಮೋನ್‌ಗಳಾದ ಟಿ3, ಟಿ4 ನೋಡಿ ಆಪರೇಷನ್ ದಿನ ಗೊತ್ತುಮಾಡುತ್ತಾರೆ. ಬೇಗ ಆಗಲಿ ಎಂದು ಮಾತ್ರೆ ಹೆಚ್ಚಿಸಿದರೆ ಟಿಎಸ್‌ಎಚ್ ಏರಿ ಗ್ರಂಥಿ ಇನ್ನಷ್ಟು ದಪ್ಪವಾಗುತ್ತದೆ.

ಜೊತೆಗೆ ಕೊಡುವ ಪ್ರೊಪ್ರಾನೊಲಾಲ್ ಮಾತ್ರೆ ಎದೆಬಡಿತ, ಕೈನಡುಕ ಇಳಿಸಲು. ಅಸ್ತಮಾ ಇದ್ದರೆ ಮೊದಲೇ ಹೇಳಿ. ಹಳೆಯ ಹಾರ್ಮೋನ್ ರಕ್ತದಲ್ಲಿ ಉಳಿದಿರುವುದರಿಂದ ಆಪರೇಷನ್ ದಿನ ಬೆಳಿಗ್ಗೆಯೂ, ನಂತರ ಕೆಲವು ದಿನವೂ ಇದನ್ನು ಮುಂದುವರಿಸುತ್ತಾರೆ.

ಹನಿ ಔಷಧಿ ಲ್ಯೂಗೋಲ್ ಅಯೋಡಿನ್. ಕೊನೆಯ 10 ದಿನ, 5ರಿಂದ 7 ಹನಿ ನೀರಿಗೋ ಹಣ್ಣಿನ ರಸಕ್ಕೋ ಬೆರೆಸಿ ದಿನಕ್ಕೆ ಮೂರು ಸಲ. ಗ್ರೇವ್ಸ್‌ನಲ್ಲಿ ಗ್ರಂಥಿಗೆ ರಕ್ತ ಹರಿಯುವುದು ಜಾಸ್ತಿ. ಈ ಹನಿ ಅದನ್ನು ತಗ್ಗಿಸಿ ಗ್ರಂಥಿಯನ್ನು ಗಟ್ಟಿಮಾಡುವುದರಿಂದ ಆಪರೇಷನ್‌ನಲ್ಲಿ ರಕ್ತಸ್ರಾವ ಕಡಿಮೆ. 1923ರಲ್ಲಿ ಅಮೆರಿಕದ ವೈದ್ಯ ಪ್ಲಮ್ಮರ್ ಬಳಕೆಗೆ ತಂದ ಕ್ರಮವಿದು. ಅಯೋಡಿನ್ ಉಪ್ಪು ಇದಕ್ಕೆ ಬದಲಿಯಲ್ಲ: ದಿನದ ಅಗತ್ಯ 150 ಮೈಕ್ರೋಗ್ರಾಂ, ಒಂದು ಹನಿಯಲ್ಲೇ 6ರಿಂದ 8 ಮಿ.ಗ್ರಾಂ. ಹನಿಯ ಪರಿಣಾಮ ಹೆಚ್ಚು ದಿನ ನಿಲ್ಲುವುದಿಲ್ಲ. ಹನಿ ಶುರುವಾದ ಮೇಲೆ ಮದುವೆ, ಮುಂಜಿ ಎಂದು ದಿನಾಂಕ ಮುಂದೂಡಬೇಡಿ. ಹನಿ ಬಂತೆಂದು ಕಾರ್ಬಿಮಝೋಲ್ ಬಿಡಲೂಬಾರದು. ಹಾರ್ಮೋನ್ ಸುರಿಸುವ ಗಂಟುಗಳ ಥೈರಾಯ್ಡ್ ಇರುವವರು ಇದನ್ನು ನೋಡಿ ತಾವೂ ಹನಿ ಕುಡಿಯಬೇಡಿ, ಅವರಿಗೆ ಅಯೋಡಿನ್‌ನಿಂದ ಕಾಯಿಲೆ ಕೆರಳುತ್ತದೆ.

ನನಗೆ ಹೆಚ್ಚು ಭಯವಿರುವುದು ಜ್ವರದ ಬಗ್ಗೆ. ಕಾರ್ಬಿಮಝೋಲ್ ಅಪರೂಪಕ್ಕೆ ಬಿಳಿ ರಕ್ತಕಣಗಳನ್ನು ಪೂರ್ತಿ ಕುಸಿಸುತ್ತದೆ, ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ. ಮಲೆನಾಡಿನಲ್ಲಿ ಜ್ವರ, ಗಂಟಲುನೋವು ಬಂದರೆ ಮಳೆಯ ಶೀತ ಎಂದೋ, ಬೇಸಿಗೆಯಾದರೆ ಮಂಗನ ಕಾಯಿಲೆ ಎಂದೋ ಊಹಿಸಿಬಿಡುತ್ತೇವೆ. ಮಂಗನ ಕಾಯಿಲೆಯಲ್ಲೂ ಬಿಳಿ ಕಣ ಇಳಿಯುತ್ತದೆ, ಆದ್ದರಿಂದ ವೈದ್ಯರೂ ಗೊಂದಲಕ್ಕೆ ಬೀಳಬಹುದು. ಅಂಥ ದಿನ ಕಾರ್ಬಿಮಝೋಲ್ ನಿಲ್ಲಿಸಿ, ಶಿವಮೊಗ್ಗಕ್ಕೆ ಹೋಗುವವರೆಗೂ ಕಾಯದೆ ಹತ್ತಿರದ ಲ್ಯಾಬ್‌ನಲ್ಲೇ ಸಿಬಿಸಿ (ರಕ್ತಕಣಗಳ ಎಣಿಕೆ) ಮಾಡಿಸಿ, ಮಾತ್ರೆಯ ಚೀಟಿ ತೋರಿಸಿ.