ಕೆಲಸ ಬಿಟ್ಟ ಗುಮಾಸ್ತನ ಮೊಬೈಲ್‌ನಲ್ಲಿ ಇನ್ನೂ ತೊಗರಿ ದರಪಟ್ಟಿ: ಪ್ರತಿಕ್ರಿಯೆ

ಪಾಸ್‌ವರ್ಡ್ ಬದಲಿಸಿದ ಮೇಲೂ ನಿಮ್ಮ ದಾಲ್‌ಮಿಲ್ಲಿನ ದರಪಟ್ಟಿ ಕೆಲಸ ಬಿಟ್ಟ ಗುಮಾಸ್ತನಿಗೆ ಕಾಣುತ್ತಿದೆ ಎಂದು ಕೇಳಿದ್ದೀರಿ; ಹಾಗಿದ್ದರೆ, ಬಹುಶಃ ಆ ಗೂಗಲ್ ಶೀಟ್‌ನ ಲಿಂಕ್ ತೆರೆದೇ ಇದೆ. ಶೀಟ್‌ನ ಹಂಚಿಕೆ ಆಯ್ಕೆಯಲ್ಲಿ ‘ಲಿಂಕ್ ಇರುವ ಯಾರಾದರೂ’ ಎಂದಿದ್ದರೆ ಪಾಸ್‌ವರ್ಡ್ ಲೆಕ್ಕಕ್ಕೇ ಬರುವುದಿಲ್ಲ. ಮೊದಲು ಅದನ್ನು ‘ನಿರ್ಬಂಧಿತ’ ಮಾಡಿ, ಹಂಚಿಕೆಯ ಪಟ್ಟಿಯಿಂದ ಆತನ ಸ್ವಂತ ಜಿಮೇಲ್ ಅನ್ನೂ ತೆಗೆಯಿರಿ.

ನಂತರ ಕಚೇರಿಯ ಗೂಗಲ್ ಖಾತೆಯ ಭದ್ರತೆ ವಿಭಾಗದಲ್ಲಿ ಆತನ ಮೊಬೈಲ್ ಕಂಡರೆ ಸೈನ್ ಔಟ್ ಮಾಡಿ. ಖಾತೆ ಮರಳಿ ಪಡೆಯಲು ಕೊಟ್ಟ ನಂಬರ್ ಯಾರದೆಂದೂ ನೋಡಿ. ಕಲಬುರಗಿ ಗಂಜಿನ (ಧಾನ್ಯ ಮಾರುಕಟ್ಟೆಯ) ನಮ್ಮ ಅಡತಿ ಅಂಗಡಿಯಲ್ಲಿ ಎರಡು ವರ್ಷದ ಹಿಂದೆ ಬಿಟ್ಟುಹೋದವನ ನಂಬರೇ ಅಲ್ಲಿ ಕುಳಿತಿತ್ತು! ಆಮೇಲೆ ವಾಟ್ಸ್ಆ್ಯಪ್‌ಗೆ ಜೋಡಿಸಿದ ಸಾಧನಗಳಲ್ಲಿ ಗುರುತಿಲ್ಲದ್ದನ್ನೆಲ್ಲ ಲಾಗ್ ಔಟ್ ಮಾಡಿ.

ಆತ ಈಗಾಗಲೇ ಇಳಿಸಿಕೊಂಡ ಪ್ರತಿಗಳನ್ನು ಮಾತ್ರ ನೀವು ಕುಳಿತಲ್ಲಿಂದ ಅಳಿಸಲಾಗದು. ಬಾಕಿ ಸಂಬಳಕ್ಕೆ ಬಂದಾಗ ಎದುರಿಗೇ ಅಳಿಸಲು ಹೇಳಿ.