ಕಡಿಮೆ ಖರ್ಚಿನಲ್ಲಿ ದೈತ್ಯ ಸಿಹಿಕುಂಬಳ: ಯಾವ ಗೊಬ್ಬರಕ್ಕೆ ದುಡ್ಡು ಹಾಕಬೇಕು?

ನೀವು ಕೇಳಿದ್ದು ಇಷ್ಟು: ಸೋಮವಾರಪೇಟೆ ಹತ್ತಿರ ಮನೆ ಹಿಂದೆ ಐದು ಸೆಂಟ್ ಜಾಗ ಇದೆ, ಹೊರದೇಶದವರು ಬೆಳೆಯುವಂಥ ದೊಡ್ಡ ಕುಂಬಳ ಬೆಳೆಯುವ ಆಸೆ, ಕೈಯಲ್ಲಿರುವುದು ಮೂರು ಸಾವಿರ ರೂಪಾಯಿ, ಗೊಬ್ಬರದ ಅಂಗಡಿಯಲ್ಲಿ ಏಳೆಂಟು ಐಟಂ ಬರೆದು ಕೊಟ್ಟಿದ್ದಾರೆ. ಯಾವುದು ತಗೊಳ್ಳಲಿ, ಯಾವುದು ಬಿಡಲಿ?

ಮುಕ್ಕಾಲು ಪಾಲು ಬಿಡಿ. ನಾನೂ ಕೊಡಗಿನವನೇ, ಸಿದ್ದಾಪುರ ಕಡೆಯವನು. ಕಾಫಿ ಜೊತೆಗೆ ತುಂಬಾ ವರ್ಷಗಳಿಂದ ಸಿಹಿಕುಂಬಳ ಬೆಳೆಯುತ್ತಿದ್ದೇನೆ, ದೊಡ್ಡ ಕಾಯಿಯ ಹುಚ್ಚೂ ಇದೆ. ಗೊಬ್ಬರಕ್ಕೆ ಜಾಸ್ತಿ ದುಡ್ಡು ಯಾಕೆ ಬೇಡ ಅಂತ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಸಿಹಿಕುಂಬಳದಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲು ನೀರು. ಉಳಿದದ್ದರಲ್ಲಿ ಬಹುಪಾಲು ಎಲೆ ಬಿಸಿಲಿನಲ್ಲಿ ಮಾಡಿಕೊಂಡ ಸಕ್ಕರೆ, ಪಿಷ್ಟ, ನಾರು. ಮಣ್ಣಿನಿಂದ ಬರುವುದು ಸ್ವಲ್ಪವೇ. 100 ಕೆ.ಜಿ. ಕಾಯಿಯಲ್ಲಿ ಸಾರಜನಕ ಸುಮಾರು 160 ಗ್ರಾಂ, ರಂಜಕ 45 ಗ್ರಾಂ, ಪೊಟ್ಯಾಸಿಯಂ 340 ಗ್ರಾಂ ಇರುತ್ತದೆ. ಯೂರಿಯಾದಲ್ಲಿ ಶೇ. 46 ಸಾರಜನಕ, ಹಾಗಾಗಿ 160 ಗ್ರಾಂಗೆ 350 ಗ್ರಾಂ ಯೂರಿಯಾ ಸಾಕು. 45 ಕೆ.ಜಿ. ಚೀಲಕ್ಕೆ 266 ರೂಪಾಯಿ 50 ಪೈಸೆ, ಅಂದರೆ ಇದು ಎರಡು ರೂಪಾಯಿಯ ಗೊಬ್ಬರ! ರಂಜಕಕ್ಕೆ 225 ಗ್ರಾಂ ಡಿಎಪಿ. 50 ಕೆ.ಜಿ.ಗೆ 1350 ರೂಪಾಯಿಯಂತೆ ಅದು ಆರು ರೂಪಾಯಿ. ಪೊಟ್ಯಾಸಿಯಂಗೆ 700 ಗ್ರಾಂ ಪೊಟ್ಯಾಷ್, ಅಂದರೆ ಎಂಒಪಿ. ಬಳ್ಳಿಗೆ, ಎಲೆಗೆ, ಬೇರಿಗೆ, ನೀರಲ್ಲಿ ಇಳಿದು ಹೋಗುವುದಕ್ಕೆ ಅಂತ ಎಲ್ಲವನ್ನೂ ಮೂರು ಪಟ್ಟು ಮಾಡಿದರೂ ನೂರು ರೂಪಾಯಿ ಆಸುಪಾಸಿನಲ್ಲಿ ಮುಗಿಯುತ್ತದೆ. ಹಾಗಾದರೆ ಅಂಗಡಿಯವರು ಬರೆದ 600 ರೂಪಾಯಿಯ ಟಾನಿಕ್ ಬಾಟಲಿ ಯಾಕೆ ಬೇಕು?

ಈ ಲೆಕ್ಕದಲ್ಲಿ ಇನ್ನೊಂದು ವಿಷಯ ನೋಡಿ. ಕಾಯಿಗೆ ಸಾರಜನಕದ ಎರಡು ಪಟ್ಟು ಪೊಟ್ಯಾಸಿಯಂ ಬೇಕು. ನಮ್ಮಲ್ಲಿ ಜಾಸ್ತಿ ಜನ ಯೂರಿಯಾ ಸುರಿದು, ಕಡು ಹಸಿರು ಬಳ್ಳಿ ನೋಡಿ ಖುಷಿಪಡುತ್ತಾರೆ. ಆ ಬಳ್ಳಿಯಲ್ಲಿ ಗಂಡು ಹೂವೇ ತುಂಬಿರುತ್ತದೆ, ಹೆಣ್ಣು ಹೂ ತಡವಾಗುತ್ತದೆ.

ದುಡ್ಡು ಮೊದಲು ಹೋಗಬೇಕಾದದ್ದು ಬೀಜಕ್ಕೆ. ನಮ್ಮ ನಾಡ ಚೀನಿಕಾಯಿಗೆ (ಊರಿನ ಸಿಹಿಕುಂಬಳಕ್ಕೆ) ಎಷ್ಟೇ ಉಪಚಾರ ಮಾಡಿದರೂ ಅದು ಅದರ ಅಳತೆ ಮೀರಿ ಹೋಗುವುದಿಲ್ಲ, ಅದರ ಜಾತಿಯೇ ಬೇರೆ. ದೈತ್ಯ ಕುಂಬಳ ಅಂದರೆ ಅಟ್ಲಾಂಟಿಕ್ ಜೈಂಟ್. ಕೆನಡಾದ ನೋವಾ ಸ್ಕೋಷಿಯಾದ ರೈತ ಹೊವಾರ್ಡ್ ಡಿಲ್ ವರ್ಷಗಟ್ಟಲೆ ಆರಿಸಿ ಆರಿಸಿ ಮಾಡಿದ ತಳಿ ಅದು. 1981ರಲ್ಲಿ ಅವರ ದಾಖಲೆ ಕಾಯಿ 224 ಕೆ.ಜಿ. ಅದೇ ತಳಿಯಿಂದ ಮುಂದೆ ಬಂದ ಬೀಜಗಳಲ್ಲಿ 2014ರಲ್ಲಿ ಸ್ವಿಟ್ಜರ್ಲೆಂಡಿನ ಬೆನಿ ಮೈಯರ್ 1054 ಕೆ.ಜಿ. ಬೆಳೆದರು, 2023ರಲ್ಲಿ ಅಮೆರಿಕದ ಟ್ರಾವಿಸ್ ಗೀಂಗರ್ 1247 ಕೆ.ಜಿ. ಮುಟ್ಟಿಸಿದರು. ಈ ಏರಿಕೆಗೆ ಕೃಷಿ ಕ್ರಮವೂ ಕಾರಣ, ಆದರೆ ದೊಡ್ಡ ಪಾಲು ಬೀಜದ್ದು. ಆನ್‌ಲೈನಿನಲ್ಲಿ ಚಿತ್ರ ನೋಡಿ ಬೀಜ ಕೊಳ್ಳಬೇಡಿ, ಹಲವು ಪ್ಯಾಕೆಟ್‌ಗಳಲ್ಲಿ ಸಾಮಾನ್ಯ ಕುಂಬಳವೇ ಇರುತ್ತದೆ. ಒಳ್ಳೆ ಬೀಜ ಮಾರುವವರು ಅದು ಎಷ್ಟು ತೂಕದ ಕಾಯಿಯದು, ಯಾರು ಬೆಳೆದದ್ದು, ಯಾವ ವರ್ಷದ್ದು ಅಂತ ಹೇಳುತ್ತಾರೆ. ಹೊರದೇಶದಿಂದ ನೇರವಾಗಿ ತರಿಸಲು ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅದಕ್ಕೇ ಇಲ್ಲೇ ಬೆಳೆದವರನ್ನು ಹುಡುಕಿ ಕೇಳುವುದು ಒಳ್ಳೆಯದು. ಮೊದಲ ಸಲಕ್ಕೆ 50 ಕೆ.ಜಿ. ಗುರಿ ಇಟ್ಟುಕೊಳ್ಳಿ, ಅದೇ ದೊಡ್ಡ ಗುರಿ.

ಎರಡನೆಯದು ಸುಣ್ಣ. ನೂರು ರೂಪಾಯಿ ಗೊಬ್ಬರ ಸಾಕು ಅಂದೆ ಅಲ್ವಾ, ಅದು ಬೇರಿಗೆ ಸಿಕ್ಕಿದರೆ ಮಾತ್ರ. ನಮ್ಮ ಕೊಡಗಿನ ಮಣ್ಣು ಮಳೆಗೆ ತೊಳೆದು ತೊಳೆದು ಹುಳಿಯಾಗಿರುತ್ತದೆ. ಮಣ್ಣಿನ ಹುಳಿಯ ಅಳತೆ ಪಿಎಚ್, ಅದು ಇಳಿದಷ್ಟೂ ಹುಳಿ ಜಾಸ್ತಿ. ಕುಂಬಳಕ್ಕೆ ಪಿಎಚ್ 6ರಿಂದ 6.8 ಇದ್ದರೆ ಚಂದ. ಪಿಎಚ್ 5ರ ಮಣ್ಣಿನಲ್ಲಿ ನೀವು ಹಾಕಿದ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಕಡಿಮೆ. ಹಾಗಾಗಿ ಏನು ಕೊಳ್ಳುವ ಮುಂಚೆಯೂ ಮಣ್ಣು ಪರೀಕ್ಷೆ ಮಾಡಿಸಿ. ಎಲ್ಲಿ ಮಾಡುತ್ತಾರೆ ಅಂತ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದರೆ ಹೇಳುತ್ತಾರೆ. ಕಾಫಿಗೆ ಹಾಕುವ ಕೃಷಿ ಸುಣ್ಣವೇ ಇದಕ್ಕೂ ಆಗುತ್ತದೆ. ಡೋಲೊಮೈಟ್ ಸಿಕ್ಕಿದರೆ ಇನ್ನೂ ಒಳ್ಳೆಯದು, ಮೆಗ್ನೀಸಿಯಂ ಪುಕ್ಕಟೆ ಬಂದ ಹಾಗೆ. ಎಕರೆಗೆ ಒಂದು ಟನ್ ಅಂದರೆ ಸೆಂಟಿಗೆ 10 ಕೆ.ಜಿ., ಸರಿಯಾದ ಅಳತೆ ಪರೀಕ್ಷೆಯ ವರದಿ ಹೇಳಲಿ. ನಾಟಿಗೆ ಒಂದು ತಿಂಗಳು ಮುಂಚೆಯೇ ಹಾಕಿ ಮಣ್ಣಿಗೆ ಬೆರೆಸಿ. ಸಗಣಿ ಗೊಬ್ಬರ, ಯೂರಿಯಾ, ಡಿಎಪಿ ಜೊತೆ ಒಂದೇ ದಿನ ಹಾಕಬೇಡಿ, ಸಾರಜನಕ ಗಾಳಿಗೆ ಹೋಗುತ್ತದೆ.

ಈಗ ಅಂಗಡಿ ಪಟ್ಟಿಗೆ ಬರುತ್ತೇನೆ.

ಕೊಟ್ಟಿಗೆ ಗೊಬ್ಬರ ಹಳೆಯದಾಗಿರಬೇಕು. ಕೈಯಲ್ಲಿ ಹಿಡಿದರೆ ಪುಡಿಯಾಗಬೇಕು, ಸಗಣಿ ವಾಸನೆ ಇರಬಾರದು. ಇದು ಎಷ್ಟು ಸಿಕ್ಕಿದರೂ ತಗೊಳ್ಳಿ. ಇದರ ಕೆಲಸ ಪೋಷಕಾಂಶ ಕೊಡುವುದಕ್ಕಿಂತ ನೀರು ಹಿಡಿದಿಡುವುದು, ಮಣ್ಣು ಸಡಿಲ ಮಾಡುವುದು. ಗುಂಡಿಗೆ ಮಾತ್ರ ತುಂಬುವ ನಮ್ಮ ರೂಢಿ ಇದಕ್ಕೆ ಸಾಲದು, ಬಳ್ಳಿ ಹರಿಯುವ ಜಾಗಕ್ಕೆಲ್ಲ ಹರಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಕಾಫಿ ಸಿಪ್ಪೆ ಪುಕ್ಕಟೆ ಸಿಗುತ್ತದೆ, ಹಸಿಯಾಗಿ ಹಾಕಬೇಡಿ. ಸಗಣಿ ಜೊತೆ ರಾಶಿ ಹಾಕಿ ಆಗಾಗ ತಿರುವಿ, ಚೆನ್ನಾಗಿ ಕಳಿತ ಮೇಲೆ ಕೊಟ್ಟಿಗೆ ಗೊಬ್ಬರದಷ್ಟೇ ಒಳ್ಳೆಯದು, ಪೊಟ್ಯಾಸಿಯಂ ಕೂಡ ಇರುತ್ತದೆ. ಕೋಳಿ ಗೊಬ್ಬರ ಬಿಸಿ, ಹಳೆಯದಾದರೆ ಸ್ವಲ್ಪ ಹಾಕಬಹುದು, ಎಳೆ ಬೇರಿನ ಹತ್ತಿರ ಬೇಡ. ಬೇವಿನ ಹಿಂಡಿ ಗುಂಡಿಗೆ ಒಂದು ಕೆ.ಜಿ., ಬೇರುಗಂಟು ಜಂತುಹುಳಕ್ಕೆ ತಡೆ, ಇದಕ್ಕೆ ಕೊಡುವ ದುಡ್ಡು ದಂಡವಲ್ಲ.

ಒಲೆ ಬೂದಿ ಬಗ್ಗೆ ಒಂದು ಮಾತು. ಬಚ್ಚಲ ಒಲೆಗೆ ಸೌದೆ ಉರಿಸುವ ಮನೆ ನಿಮ್ಮದಾದರೆ ಪೊಟ್ಯಾಷ್ ಅರ್ಧ ಮನೆಯಲ್ಲೇ ಇದೆ. ಮಳೆಗೆ ನೆನೆಯದ ಹಾಗೆ ಡಬ್ಬದಲ್ಲಿ ಇಡಿ, ನೆಂದರೆ ಪೊಟ್ಯಾಷ್ ಕರಗಿ ಹೋಗುತ್ತದೆ. ಅದರಲ್ಲಿ ಸುಣ್ಣದ ಗುಣವೂ ಇದೆ, ಆದ್ದರಿಂದ ಬೂದಿ ಹಾಕಿದಷ್ಟು ಸುಣ್ಣ ಕಡಿಮೆ ಮಾಡಿ. ಯೂರಿಯಾ ಜೊತೆ ಕಲಸಬೇಡಿ. ಪ್ಲಾಸ್ಟಿಕ್ ಸುಟ್ಟ ಬೂದಿ ತೋಟಕ್ಕೆ ಬೇಡವೇ ಬೇಡ.

ಯೂರಿಯಾ, ಡಿಎಪಿ, ಪೊಟ್ಯಾಷ್ ಚೀಲ ಕೊಳ್ಳಬೇಡಿ. ಕಾಫಿಗೆ ತಂದ ಅಕ್ಕಪಕ್ಕದವರ ಹತ್ತಿರ ಒಂದೊಂದು ಕೆ.ಜಿ. ಕೇಳಿ. ಡಿಎಪಿ ನಾಟಿಗೆ ಮುಂಚೆ ಗುಂಡಿಯ ಮಣ್ಣಿಗೆ. ಯೂರಿಯಾ ಬಳ್ಳಿ ಹರಿಯುವಾಗ ವಾರಕ್ಕೊಮ್ಮೆ 15–20 ಗ್ರಾಂ, ಹತ್ತು ಲೀಟರ್ ನೀರಲ್ಲಿ ಕರಗಿಸಿ ಬುಡದಿಂದ ಒಂದು ಅಡಿ ದೂರಕ್ಕೆ. ಕಾಯಿ ಕಚ್ಚಿದ ಮೇಲೆ ಯೂರಿಯಾ ಇಳಿಸಿ, ಪೊಟ್ಯಾಷ್ ಏರಿಸಿ. ಒಂದೇ ಸಲ ಮುಷ್ಟಿ ಮುಷ್ಟಿ ಹಾಕುವುದು ಮಾತ್ರ ಬೇಡ. ಅಂಗಡಿಯಿಂದ ಒಂದೇ ಒಂದು ಪ್ಯಾಕೆಟ್ ಕೊಳ್ಳಬೇಕು ಅಂದರೆ 13-0-45 (ಪೊಟ್ಯಾಸಿಯಂ ನೈಟ್ರೇಟ್; ಅಂಕಿಗಳು ಸಾರಜನಕ, ರಂಜಕ, ಪೊಟ್ಯಾಷ್‌ನ ಶೇಕಡಾ ಪಾಲು) ಕೊಳ್ಳಿ, ಒಂದು ಕೆ.ಜಿ. ಸಾಕು, ಕಾಯಿ ಬೆಳೆಯುವಾಗ ನೀರಿನ ಜೊತೆ ಕೊಡಲು ಅನುಕೂಲ. 19-19-19 ಸುಮ್ನೆ ದುಬಾರಿ, ಅದರ ಕೆಲಸ ಯೂರಿಯಾ ಡಿಎಪಿಯಿಂದಲೇ ಆಗುತ್ತದೆ.

ಎಪ್ಸಂ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್) ಹಳೆ ಎಲೆಯ ನರ ಹಸಿರಾಗಿದ್ದು ನಡುವೆ ಹಳದಿ ಆದರೆ ಮಾತ್ರ, ಡೋಲೊಮೈಟ್ ಹಾಕಿದವರಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಬೋರಾನ್ ಮಳೆನಾಡಿನ ಮಣ್ಣಿನಲ್ಲಿ ಕಡಿಮೆ ಇರುತ್ತದೆ, ಹೂ ಬರುವ ಮುಂಚೆ ಲೀಟರಿಗೆ ಒಂದು ಗ್ರಾಂ ಬೋರಾಕ್ಸ್ ಕರಗಿಸಿ ಒಂದು ಸಲ ಸಿಂಪಡಿಸಿ, ಜಾಸ್ತಿಯಾದರೆ ವಿಷ. ಹೂ ಹೆಚ್ಚಿಸುವ ಟಾನಿಕ್, ಹಾರ್ಮೋನ್, ಕಾಯಿ ದಪ್ಪ ಮಾಡುವ ದ್ರವ ಇವೆಲ್ಲ ಪಟ್ಟಿಯಿಂದ ಹೊಡೆದು ಹಾಕಿ. ಕಾಂಡಕ್ಕೆ ಬತ್ತಿ ಚುಚ್ಚಿ ಹಾಲು, ಸಕ್ಕರೆ ನೀರು ಕುಡಿಸುವ ವಿಡಿಯೊ ನೋಡಿದ್ದರೆ ಮರೆತುಬಿಡಿ. ಗಾಯದಿಂದ ಕೊಳೆ ಒಳಗೆ ಹೋಗುತ್ತದೆ, ತೂಕ ಏರುವುದಿಲ್ಲ.

ಗೊಬ್ಬರದ ಮಾತು ಇಷ್ಟೇ. ತೂಕ ಬರುವುದು ಎಲೆ, ಬೇರು, ನೀರಿನಿಂದ.

ಒಂದು ಗಿಡಕ್ಕೆ ಒಂದು ಸೆಂಟ್ ಜಾಗ ಪೂರ್ತಿ ಬೇಕು, ಅಂದರೆ 40 ಚದರ ಮೀಟರ್. ನಿಮ್ಮ ಐದು ಸೆಂಟಿನಲ್ಲಿ ಎರಡೇ ಗಿಡ ಇಡಿ, ಓಡಾಡಲು ಜಾಗ ಇರಲಿ. ಸಿಲ್ವರ್ ಓಕ್ ನೆರಳು ಬೀಳುವ ಕಡೆ ಆಗುವುದಿಲ್ಲ, ಬೆಳಿಗ್ಗೆಯಿಂದ ಸಂಜೆವರೆಗೆ ಬಿಸಿಲು ಬೇಕು. ಕೊಯ್ಲಾದ ಗದ್ದೆ ಇದ್ದರೆ ಅಲ್ಲೇ ದಿಬ್ಬ ಮಾಡಿ ಹಾಕಬಹುದು. ನಾಡ ಚೀನಿಕಾಯಿಯ ಹಾಗೆ ಮಳೆ ಮೊದಲಿಗೆ ಬಿತ್ತಬೇಡಿ. ಜೂನ್, ಜುಲೈ ಮಳೆಯಲ್ಲಿ ಹೂ ಕೊಳೆಯುತ್ತದೆ, ಬಿಸಿಲೂ ಇರುವುದಿಲ್ಲ. ಜನವರಿ ಮೊದಲ ವಾರ ಪಾಲಿಥೀನ್ ಚೀಲದಲ್ಲಿ ಬಿತ್ತಿ, ರಾತ್ರಿ ಚಳಿಗೆ ಮನೆಯೊಳಗೆ ಬೆಚ್ಚಗಿನ ಜಾಗದಲ್ಲಿಡಿ, ಎರಡು ಮೂರು ಎಲೆ ಬಂದಾಗ ನಾಟಿ ಮಾಡಿ. ಮಾರ್ಚ್ ಮಧ್ಯದಲ್ಲಿ ಕಾಯಿ ಕಚ್ಚಿಸಿದರೆ ಮೇ ಕೊನೆಗೆ ಸುಮಾರು 75 ದಿನ ಸಿಗುತ್ತದೆ, ಮುಂಗಾರಿಗೆ ಮುಂಚೆ ಕಾಯಿ ಕೊಯ್ಯಬಹುದು. ಬಯಲುಸೀಮೆಯ ಏಪ್ರಿಲ್ ಬಿಸಿಗೆ ಈ ತಳಿ ಬಾಡಿ ಬೀಳುತ್ತದೆ. ನಮ್ಮ ತಂಪು ರಾತ್ರಿ ಅದಕ್ಕೆ ಹಿತ, ಈ ವಿಷಯದಲ್ಲಿ ಕೊಡಗಿನವರಿಗೆ ಅದೃಷ್ಟವೇ.

ಬಳ್ಳಿ ಹರಿದಂತೆ ಪ್ರತಿ ಗೆಣ್ಣಿನ ಮೇಲೂ ಮಣ್ಣು ಹಾಕಿ ಮುಚ್ಚಿ. ವಾರದೊಳಗೆ ಅಲ್ಲಿ ಬಿಳಿ ಬೇರು ಇಳಿಯುತ್ತದೆ. ಮೆಲ್ಲಗೆ ಮಣ್ಣು ಸರಿಸಿ ನೋಡಿದರೆ ಬೆರಳುದ್ದದ ಬೇರು ಕಾಣುತ್ತದೆ. ಬುಡದ ಒಂದು ಬೇರಿನ ಜೊತೆ ಹೀಗೆ ಹತ್ತಾರು ಬೇರು ಸೇರಿ ಕಾಯಿಗೆ ಉಣಿಸುತ್ತವೆ. ಗೊಬ್ಬರ ಇಡೀ ಜಾಗಕ್ಕೆ ಹರಡಿ ಅಂದದ್ದು ಇದಕ್ಕೇ. ಮುಖ್ಯ ಬಳ್ಳಿಯಿಂದ ಎರಡೂ ಕಡೆ ಹೊರಟ ಕವಲನ್ನು ಬೆಳೆಯಲು ಬಿಡಿ, ಕವಲಿನ ಕವಲು ಚಿವುಟಿ.

ಹೆಣ್ಣು ಹೂ ಮುಖ್ಯ ಬಳ್ಳಿಯಲ್ಲಿ ಬುಡದಿಂದ ಹತ್ತು ಹದಿನೈದು ಅಡಿ ದೂರದ್ದನ್ನು ಆರಿಸಿ. ನಾಳೆ ಅರಳುವ ಮೊಗ್ಗಿನ ತುದಿ ಹಿಂದಿನ ಸಂಜೆ ಹಳದಿಗೆ ತಿರುಗುತ್ತದೆ. ಆಗ ಅದನ್ನೂ ಎರಡು ಗಂಡು ಮೊಗ್ಗನ್ನೂ ನೂಲಿನಿಂದ ಸಡಿಲವಾಗಿ ಕಟ್ಟಿ. ಬೆಳಿಗ್ಗೆ ಬೇಗ ಗಂಡು ಹೂ ಕಿತ್ತು, ಎಸಳು ಸುಲಿದು, ಹಳದಿ ಪುಡಿ ಇರುವ ಕಡ್ಡಿಯನ್ನು ಹೆಣ್ಣು ಹೂವಿನ ನಡುವೆ ಇರುವ ಶಲಾಕಾಗ್ರದ ಪ್ರತಿ ಉಬ್ಬು ಹೋಳಿಗೂ ಮೆಲ್ಲಗೆ ಸವರಿ. ಒಂದೂ ಬಿಡಬೇಡಿ, ಬಿಟ್ಟ ಕಡೆ ಕಾಯಿ ಸೊಟ್ಟಗಾಗುತ್ತದೆ. ಆಮೇಲೆ ಹೂವನ್ನು ಮತ್ತೆ ಕಟ್ಟಿ. ಮೂರು ಕಾಯಿ ಕಚ್ಚಿಸಿ, ತೆಂಗಿನಕಾಯಿ ಗಾತ್ರವಾದಾಗ ಚೆನ್ನಾಗಿ ಬೆಳೆಯುತ್ತಿರುವ ಒಂದನ್ನು ಇಟ್ಟು ಉಳಿದದ್ದು ಕಿತ್ತುಬಿಡಿ. ಕೀಳಲು ಮನಸ್ಸು ಬರುವುದಿಲ್ಲ, ಆದರೂ ಕೀಳಲೇಬೇಕು. ಕಾಯಿಯ ಕೆಳಗೆ ಮರಳು ಹಾಸಿ, ಮೇಲೆ ಬಟ್ಟೆಯ ನೆರಳು ಕಟ್ಟಿ. ಬಿಸಿಲು ಬಿದ್ದ ಸಿಪ್ಪೆ ಬೇಗ ಗಟ್ಟಿಯಾಗಿ ಕಾಯಿ ಹಿಗ್ಗುವುದಿಲ್ಲ.

ನೀರು ತಪ್ಪಬಾರದು. ಕಾಯಿ ಉಬ್ಬುವ ದಿನಗಳಲ್ಲಿ ಒಂದು ಗಿಡಕ್ಕೆ ದಿನಕ್ಕೆ 150–200 ಲೀಟರ್ ಬೇಕಾಗಬಹುದು. ಒಂದು ಹಳೆ ಡ್ರಮ್ಮಿಗೆ ಡ್ರಿಪ್ ಪೈಪ್ ಜೋಡಿಸಿ, ಗೆಣ್ಣಿನ ಬೇರುಗಳಿಗೂ ನೀರು ಸಿಗುವ ಹಾಗೆ ಎಳೆಯಿರಿ. ನಿಮ್ಮ ಮೂರು ಸಾವಿರದಲ್ಲಿ ದೊಡ್ಡ ಪಾಲು ಇಲ್ಲಿಗೇ ಹೋಗಲಿ. ಒಣಗಿಸಿ ಆಮೇಲೆ ಒಮ್ಮೆಲೇ ಕುಡಿಸಿದರೆ ಕಾಯಿ ಸೀಳುತ್ತದೆ. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಜೋರಾಗಿ ಬಂದ ದಿನ ಡ್ರಿಪ್ ನಿಲ್ಲಿಸಿ.

ಎಳೆ ಎಲೆ ತಿನ್ನುವ ಕೆಂಪು ದುಂಬಿಗೆ ಬೆಳಗಿನ ಇಬ್ಬನಿಯಲ್ಲಿ ಬೂದಿ ಉದುರಿಸಿ. ಹಣ್ಣು ನೊಣ ಕುಟ್ಟದಂತೆ ಎಳೆ ಕಾಯಿಗೆ ತೆಳು ಬಟ್ಟೆ ಸುತ್ತಿ, ನೊಣವನ್ನು ವಾಸನೆಯಿಂದ ಸೆಳೆದು ಹಿಡಿಯುವ ಕ್ಯೂಲೂರ್ ಬಲೆ ಒಂದು ತೂಗುಹಾಕಿ. ಕಾಡುಹಂದಿ, ಮುಳ್ಳುಹಂದಿ, ಆನೆ ಬರುವ ದಾರಿಯಾದರೆ ಗಿಡ ಮನೆ ಗೋಡೆಗೆ ಹತ್ತಿರವೇ ಇರಲಿ. ಆನೆ ಕಾಟ ಇರುವ ಊರಲ್ಲಿ ಕಾಯಿ ಕಾಯಲು ರಾತ್ರಿ ಹೊರಗೆ ಹೋಗಬೇಡಿ.

ತಿನ್ನಲು ಈ ಕಾಯಿ ಅಷ್ಟು ರುಚಿಯಿಲ್ಲ, ನೀರು ನೀರು. ದನಗಳಿಗೆ ಹಬ್ಬ. ಮನೆಯ ಕುಂಬಳ ಕರಿಗೆ ನಾಡ ಚೀನಿಕಾಯಿಯನ್ನೇ ಬೇಲಿ ಬದಿ ಎರಡು ಬಳ್ಳಿ ಹಾಕಿಕೊಳ್ಳಿ.

ಮಳೆ ನಿಂತ ಕೂಡಲೇ ಮಣ್ಣು ಪರೀಕ್ಷೆಗೆ ಕೊಡಿ. ವರದಿ ಬಂದ ಮೇಲೆ ಪಿಎಚ್, ರಂಜಕ, ಪೊಟ್ಯಾಷ್ ಎಷ್ಟಿದೆ ಅಂತ ಇಲ್ಲೇ ಬರೆಯಿರಿ, ಸುಣ್ಣ ಎಷ್ಟು, ಡಿಎಪಿ ಬೇಕೋ ಬೇಡವೋ ಅಂತ ಕೂತು ಲೆಕ್ಕ ಹಾಕೋಣ.