ಸಕ್ಕರೆ ಕಾಯಿಲೆ ಇರುವವರ ಕಾಲಿನ ಗಾಯಕ್ಕೆ ಅರಿಶಿನ, ಜೇನುತುಪ್ಪ ಹಚ್ಚಬಹುದಾ?

ಅಡುಗೆಮನೆಯ ಅರಿಶಿನ ಬೇಡ. ಅದರಲ್ಲಿ ರೋಗಾಣು ಇರಬಹುದು. ಜೊತೆಗೆ ಗಾಯ ಪೂರ್ತಿ ಹಳದಿಯಾಗಿ, ಚರ್ಮ ಕೆಂಪಾಗಿದೆಯೋ ಕಪ್ಪಾಗಿದೆಯೋ ಡಾಕ್ಟರಿಗೂ ಕಾಣುವುದಿಲ್ಲ. ಜೇನುತುಪ್ಪದಲ್ಲಿ ಗಾಮಾ ಕಿರಣದಿಂದ ಶುದ್ಧ ಮಾಡಿದ ಮೆಡಿಕಲ್ ಜೇನು ಅಂತ ಇದೆ. ಆದರೆ ಡಯಾಬಿಟಿಸ್ ಕಾಲುಹುಣ್ಣಿಗೆ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಅದನ್ನೂ ಬೇಡ ಎನ್ನುತ್ತದೆ.

ಏನು ಹಚ್ಚಬೇಕು ಅನ್ನುವುದಕ್ಕಿಂತ ಮುಖ್ಯವಾದದ್ದು ಗಾಯದ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುವುದು. ನರ ಮರಗಟ್ಟಿದ ಪಾದಕ್ಕೆ ನೋವೇ ಗೊತ್ತಾಗುವುದಿಲ್ಲ, ಹಾಗಾಗಿ ಜನ ಆರಾಮಾಗಿ ಓಡಾಡಿಕೊಂಡಿರುತ್ತಾರೆ. ಹುಣ್ಣು ಒಳಗೊಳಗೇ ಆಳವಾಗುತ್ತದೆ. ಅಂಗಾಲಿನ ಹುಣ್ಣಿಗೆ ಡಾಕ್ಟರು ವಿಶೇಷ ಬೂಟು ಅಥವಾ ಪ್ಲಾಸ್ಟರ್ ಹಾಕುವುದು ಇದಕ್ಕೇ. ಬಿಸಿನೀರಲ್ಲಿ ಕಾಲು ನೆನೆಸುವುದಂತೂ ಬೇಡವೇ ಬೇಡ. ಸುಟ್ಟರೂ ತಿಳಿಯುವುದಿಲ್ಲ.

ಹಾಗಲಕಾಯಿ ಜ್ಯೂಸು, ಮೆಂತ್ಯ, ಅಮೃತಬಳ್ಳಿ ಕಷಾಯ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ, ಬೈತಾರೆ ಅಂತ ಮುಚ್ಚಿಡಬೇಡಿ. ಗ್ಲಿಮೆಪಿರೈಡ್ (ಸಕ್ಕರೆ ಇಳಿಸುವ ಮಾತ್ರೆ) ಅಥವಾ ಇನ್ಸುಲಿನ್ ಜೊತೆ ಸೇರಿದರೆ ಸಕ್ಕರೆ ಜಾಸ್ತಿಯೇ ಇಳಿದು ತಲೆಸುತ್ತು, ಬೆವರು ಬರಬಹುದು.

ಗಾಯ ಚಿಕ್ಕದಿದ್ದರೂ ಒಂದೆರಡು ದಿನದೊಳಗೆ ತೋರಿಸಿ. ವಾಸನೆ, ಕೀವು, ಜ್ವರ, ಬೆರಳು ಕಪ್ಪಾಗುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ.